ಹಳೆ ಸ್ಟಾಕಿನ ಜೀಪು, ಟ್ರ್ಯಾಕ್ಟರ್ ಭಾಗಗಳ ಗ್ರೀಸು ಬಿಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ಬಳಸದೆ, ತುಕ್ಕು ಹಿಡಿಯದಂತೆ ಗ್ರೀಸು ಬಳಿದಿಟ್ಟ ಹಳೆ ಸ್ಟಾಕಿನ ಗೇರು, ಆಕ್ಸಲ್, ಲೈನರ್ (ಎಂಜಿನ್ ಸಿಲಿಂಡರಿನ ಒಳಕೊಳವೆ) ಕೊಂಡು ತಂದವರಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ ಬಾಂಡ್ಲಿಗೆ ಪೆಟ್ರೋಲ್ ಸುರಿದು ಅದರಲ್ಲಿ ಮುಳುಗಿಸಿಡುವುದು. ಮಾರನೆ ದಿನ ನೋಡಿದರೆ ಮೇಲಿನ ಪದರ ಮಾತ್ರ ಕರಗಿ ಬಾಂಡ್ಲಿಯೆಲ್ಲ ಕಂದು ಗಂಜಿಯಾಗಿರುತ್ತದೆ, ಹಲ್ಲುಗಳ ಸಂದಿಯ ಗ್ರೀಸು ಕೂತಲ್ಲೇ ಕೂತಿರುತ್ತದೆ. ಆಮೇಲೆ ಸಿಟ್ಟಿಗೆ ತಂತಿ ಬ್ರಷ್, ಅದರಿಂದ ಗೀರು. ಸಂಜೆ ಬೋರ್ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬೆಳಗ್ಗೆ ತುಕ್ಕು. ಗ್ರೀಸಿನೊಳಗೆ ವರ್ಷಗಟ್ಟಲೆ ಹೊಸದಾಗೇ ಇದ್ದ ಭಾಗ ಒಂದು ರಾತ್ರಿಯಲ್ಲಿ ಕೆಡುತ್ತದೆ.

ಎಡವುವುದು ಕ್ರಮದಲ್ಲಿ. ಮೊದಲು ಶಾಖ, ಆಮೇಲೆ ಕೆರೆತ, ಆಮೇಲೆ ಸೀಮೆಎಣ್ಣೆ ಇಲ್ಲವೇ ಕುದಿನೀರು, ಆಮೇಲೆ ಸೋಪು, ಒಣಗಿದ ಕೂಡಲೇ ಎಣ್ಣೆ. ಇದರಲ್ಲಿ ಒಂದನ್ನು ಹಿಂದುಮುಂದು ಮಾಡಿದರೂ ಮುಂದಿನ ಹಂತ ಎರಡರಷ್ಟು ಕೆಲಸ ಕೇಳುತ್ತದೆ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಜೋಡಿಸಲು ಸಿದ್ಧವಿಲ್ಲದ ಭಾಗದ ಗ್ರೀಸು ಬಿಡಿಸಬೇಡಿ. ನೋಡೋಣ ಅಂತ ಬಿಡಿಸಿದ ಭಾಗಗಳೇ ತುಕ್ಕು ಹಿಡಿಯುವುದು.

ಕಾಲ ಮತ್ತು ಜಾಗ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯವರಿಗೆ ಈ ಕೆಲಸಕ್ಕೆ ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದವರೆಗೆ ಒಳ್ಳೆಯ ಸಮಯ. ಗಾಳಿ ಒಣಗಿರುತ್ತದೆ, ಬಿಸಿಲು ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರಿ ಕಬ್ಬಿಣವನ್ನು ಒಂದು ಗಂಟೆ ಹೊರಗಿಡುವುದೂ ಅಪಾಯ. ಡಿಸೆಂಬರ್–ಜನವರಿಯ ಚಳಿಯಲ್ಲಿ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿ ಕೆರೆಯಲು ಎರಡು ಪಟ್ಟು ಹೊತ್ತು ಬೇಕು.

ಜಾಗ ಬಯಲಾಗಿರಲಿ, ಪಕ್ಕದಲ್ಲಿ ಗಾಳಿಯಾಡುವ ನೆರಳೂ ಇರಲಿ, ಎರಡೂ ಬೇಕಾಗುತ್ತವೆ. ರೇಷ್ಮೆ ಸಾಕುವ ಮನೆಯಾದರೆ ಹುಳು ಮನೆಯಿಂದ ದೂರ ಮಾಡಿ. ಸೀಮೆಎಣ್ಣೆಯ ವಾಸನೆ ಹುಳಕ್ಕೆ ಆಗಿಬರುವುದಿಲ್ಲ, ಆ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪನ್ನೂ ಮುಟ್ಟಬಾರದು.

ಬೇಕಾಗುವ ಸಾಮಾನು

ಕೆರೆಯಲು ಬಿದಿರಿನ ದಬ್ಬೆ, ಹಳೆಯ ಪ್ಲಾಸ್ಟಿಕ್ ಸ್ಕೇಲು, ಗಟ್ಟಿ ಮರದ ಚಕ್ಕೆ. ಉಜ್ಜಲು ನೈಲಾನ್ ಬ್ರಷ್, ಹಳೆಯ ಟೂತ್‌ಬ್ರಷ್, ಬಾಟಲಿ ತೊಳೆಯುವ ಉದ್ದ ಬ್ರಷ್. ಎರಡು ಅಗಲವಾದ ತಗಡಿನ ತಟ್ಟೆ ಅಥವಾ ಬಾಂಡ್ಲಿ. ಭಾರದ ಭಾಗಗಳಿಗೆ ಅರ್ಧಕ್ಕೆ ಕತ್ತರಿಸಿದ ಇನ್ನೂರು ಲೀಟರಿನ ಡ್ರಮ್ಮು, ಮೂರು ಕಲ್ಲಿನ ಒಲೆ, ಸೌದೆ. ಡ್ರಮ್ಮನ್ನು ಕತ್ತರಿಸಿಯೇ ಇರುವುದು ತನ್ನಿ. ಹಿಂದೆ ಏನು ತುಂಬಿತ್ತೋ ಗೊತ್ತಿಲ್ಲದ ಡ್ರಮ್ಮಿಗೆ ಮನೆಯಲ್ಲಿ ಗ್ರೈಂಡರ್ ಹಚ್ಚಿದರೆ ಒಳಗಿನ ಆವಿ ಸಿಡಿದು ಜೀವ ಹೋಗುತ್ತದೆ.

ತೊಳೆದ ಭಾಗ ಸೋರಲು ಇಡಲು ಟೊಮೊಟೊ ಕ್ರೇಟ್‌ಗಿಂತ ಒಳ್ಳೆಯದು ನಾನು ಕಂಡಿಲ್ಲ, ಕೋಲಾರದಲ್ಲಿ ಅದಕ್ಕೇನು ಬರ. ಒಳಗೆ ಸೊಳ್ಳೆಪರದೆಯ ತುಂಡು ಹಾಸಿದರೆ ಸಣ್ಣ ವಾಷರು, ಕ್ಲಿಪ್ಪು ಕೆಳಗೆ ಬೀಳುವುದಿಲ್ಲ. ಆದರೆ ಕ್ರೇಟನ್ನು ಕುದಿನೀರಿಗೆ ಇಳಿಸಬೇಡಿ, ಮೆತ್ತಗಾಗಿ ಸೊಟ್ಟಗಾಗುತ್ತದೆ.

ಕರಗಿಸಲು ಸೀಮೆಎಣ್ಣೆ. ರೇಷನ್ನಿನಲ್ಲಿ ಈಗ ಸಿಗುವುದು ಕಷ್ಟ, ಬದಲಿಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ತನ್ನಿ, ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಡೀಸೆಲ್ಲೂ ನಡೆಯುತ್ತದೆ, ನಿಧಾನ, ಕೊನೆಯಲ್ಲಿ ಎಣ್ಣೆ ಪದರ ಬಿಡುತ್ತದೆ. ಜೊತೆಗೆ ವಾಷಿಂಗ್ ಸೋಡಾ, ಬಟ್ಟೆ ಸೋಪಿನ ಪುಡಿ, ಬನಿಯನ್ ವೇಸ್ಟು, ಬಿಳಿ ಹತ್ತಿ ಬಟ್ಟೆ, ಹೊಸ ಎಂಜಿನ್ ಆಯಿಲ್.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಮಾಮೂಲಿ ರಬ್ಬರ್ ಗ್ಲೌಸ್ ಸೀಮೆಎಣ್ಣೆಯಲ್ಲಿ ಉಬ್ಬಿ ಹರಿಯುತ್ತದೆ. ಕಣ್ಣಿಗೆ ಕನ್ನಡಕ. ಸೀಮೆಎಣ್ಣೆ, ಟರ್ಪೆಂಟೈನ್ ಯಾವುದನ್ನೂ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳು ನೀರೆಂದು ಕುಡಿದುಬಿಡುತ್ತಾರೆ. ಹಾಗಾದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಪೆಟ್ರೋಲ್ ಏಕೆ ಬೇಡ ಅಂದರೆ, ಅದರ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಂಥದ್ದು. ಆ ಆವಿ ನೆಲದ ಮೇಲೆ ತೆವಳಿ ದೂರದ ಒಲೆಯನ್ನು ಮುಟ್ಟುತ್ತದೆ. ಬಣ್ಣ ತೆಳು ಮಾಡುವ ಎನ್‌ಸಿ ಥಿನ್ನರ್ ಕೂಡ ಅದೇ ಜಾತಿ.

ಹಂತ 1: ಗ್ರೀಸು ಯಾವುದು, ಲೋಹ ಯಾವುದು

ಕಡಲೆಕಾಳಿನಷ್ಟು ಗ್ರೀಸನ್ನು ಉಗುರಲ್ಲಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಹಳದಿಯಾಗಿ, ವ್ಯಾಸಲೀನಿನಂತೆ ಜಾರಿದರೆ ಅದು ಇನ್ನೂ ಹಸಿಯಾಗಿದೆ, ಬಟ್ಟೆಯಲ್ಲೇ ಅರ್ಧ ಹೋಗುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಮೊದಲು ಪುಡಿಯಾಗಿ ಆಮೇಲೆ ಬೆರಳಿನ ಶಾಖಕ್ಕೆ ಅಂಟತೊಡಗಿದರೆ ಅದೇ ನಮ್ಮ ತಕರಾರಿನದು: ಮೇಣ ಬೆರೆತ ರಕ್ಷಣಾ ಗ್ರೀಸು. ಅದರೊಳಗಿನ ತೆಳು ಎಣ್ಣೆ, ದ್ರಾವಕಗಳು ವರ್ಷಗಳಲ್ಲಿ ಹಾರಿಹೋಗಿ ಮೇಣ ಉಳಿದಿರುತ್ತದೆ. ಹಾಗಾಗಿಯೇ ತಣ್ಣಗಿನ ಸೀಮೆಎಣ್ಣೆ ಬೇಗ ಒಳಗಿಳಿಯುವುದಿಲ್ಲ.

ಡಾಂಬರಿನಂತೆ ಕರ್ರಗಿದ್ದರೆ ಟರ್ಪೆಂಟೈನ್ ಬೇಕು, ಕುದಿನೀರಿಗೆ ಅದು ಜಗ್ಗುವುದಿಲ್ಲ. ಗಾಜಿನಂತೆ ಪಾರದರ್ಶಕವಾಗಿ, ರಬ್ಬರಿನಂತೆ ಮಣಿಯುವ ಹೊದಿಕೆ ಇದ್ದರೆ ಅದು ಗ್ರೀಸೇ ಅಲ್ಲ, ಸುಲಿಯುವ ಪ್ಲಾಸ್ಟಿಕ್. ಬ್ಲೇಡಿನಲ್ಲಿ ಒಂದು ಗೀಟು ಎಳೆದು ಕಿತ್ತಳೆ ಸಿಪ್ಪೆಯ ಹಾಗೆ ಸುಲಿಯಿರಿ, ಅಲ್ಲಿಗೆ ಮುಗಿಯಿತು.

ಆಮೇಲೆ ಭಾಗಗಳನ್ನು ಲೋಹದ ಮೇಲೆ ಬೇರೆ ಮಾಡಿ. ಅಯಸ್ಕಾಂತ ಹಿಡಿಯುವ ಕಬ್ಬಿಣ, ಉಕ್ಕು ಒಂದು ಕಡೆ. ಅಲ್ಯೂಮಿನಿಯಂ ಮತ್ತು ಕಾರ್ಬುರೇಟರಿನಂಥ ಸತುವಿನ ಎರಕ ಇನ್ನೊಂದು ಕಡೆ, ಏಕೆಂದರೆ ಸೋಡಾ ಇವನ್ನು ತಿನ್ನುತ್ತದೆ. ರಬ್ಬರ್, ಚರ್ಮದ ಸೀಲು, ಕಾರ್ಕ್ ಗ್ಯಾಸ್ಕೆಟ್ ಇರುವುದನ್ನೆಲ್ಲ ಬಿಚ್ಚಿ ತೆಗೆಯಿರಿ, ಬಿಚ್ಚಲಾಗದಿದ್ದರೆ ಮೂರನೆಯ ಗುಂಪಿಗೆ ಹಾಕಿ. ಡೈನಮೊ, ಸ್ಟಾರ್ಟರ್, ಕಾಯಿಲು ಈ ಕೆಲಸಕ್ಕೇ ಸೇರಿದವಲ್ಲ. ಅವನ್ನು ಯಾವುದರಲ್ಲೂ ಮುಳುಗಿಸದೆ ಟರ್ಪೆಂಟೈನ್ ತಾಗಿಸಿದ ಬಟ್ಟೆಯಲ್ಲಿ ಹೊರಗಡೆ ಮಾತ್ರ ಒರೆಸಿ.

ಸುತ್ತಿದ ಮೇಣದ ಕಾಗದ, ಚೀಟಿ ಕೀಳುವ ಮುನ್ನ ಭಾಗದ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತೊಳೆದ ಮೇಲೆ ಎಡಗಡೆಯ ಭಾಗ ಯಾವುದು, ಬಲಗಡೆಯದು ಯಾವುದು, ಸ್ಟ್ಯಾಂಡರ್ಡ್ ಶೆಲ್ ಬೇರಿಂಗ್ ಯಾವುದು, ಓವರ್‌ಸೈಜ್ ಯಾವುದು ಅಂತ ಹುಡುಕಾಡುವವರು ಬಹಳ.

ಹಂತ 2: ಬಿಸಿಲಿಗೆ ಇಡಿ

ಈ ಗ್ರೀಸಿನ ಮೇಣ ಸುಮಾರು 45ರಿಂದ 50 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿಟ್ಟ ಕಪ್ಪು ತಗಡು 60 ಡಿಗ್ರಿ ದಾಟುತ್ತದೆ, ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಅಂದಮೇಲೆ ಅರ್ಧ ಕೆಲಸ ಬಿಸಿಲೇ ಮಾಡುತ್ತದೆ.

ತಗಡಿನ ತಟ್ಟೆಯ ಮೇಲೆ ಎರಡು ಇಟ್ಟಿಗೆ ಚೂರಿಟ್ಟು ಭಾಗವನ್ನು ಅದರ ಮೇಲೆ ಕೂರಿಸಿ, ಕರಗಿದ್ದು ಕೆಳಗೆ ಸೋರಲು ಜಾಗ ಬೇಕು. ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಕಲ್ಲಿಡಿ. ಹತ್ತು ಗಂಟೆಗೆ ಇಟ್ಟರೆ ಒಂದು, ಒಂದೂವರೆಯ ಹೊತ್ತಿಗೆ ಅಂಚುಗಳಲ್ಲಿ ಜೇನಿನಂತೆ ಹೊಳೆಯುವ ಹನಿ ಇಳಿಯತೊಡಗುತ್ತದೆ. ಭಾರದ ಆಕ್ಸಲ್ ಶಾಫ್ಟು, ಕ್ರ್ಯಾಂಕು ಒಳಗಿನವರೆಗೆ ಬಿಸಿಯಾಗಲು ಇಡೀ ದಿನ ಬೇಕು, ನಡುವೆ ಒಮ್ಮೆ ತಿರುಗಿಸಿ.

ಅವಸರಕ್ಕೆ ಬ್ಲೋಲ್ಯಾಂಪು, ಗ್ಯಾಸ್ ಟಾರ್ಚು ಹಿಡಿಯುವವರಿದ್ದಾರೆ. ಬೇಡ. ಗ್ರೀಸು ಹೊತ್ತಿಕೊಳ್ಳುವುದು ಒಂದು ಅಪಾಯ, ಅದಕ್ಕಿಂತ ಕಣ್ಣಿಗೆ ಕಾಣದ್ದು ಇನ್ನೊಂದು. ಗೇರಿನ ಹಲ್ಲುಗಳನ್ನು ಗಟ್ಟಿ ಮಾಡಿದ ಮೇಲೆ ಸಾಮಾನ್ಯವಾಗಿ 150ರಿಂದ 200 ಡಿಗ್ರಿಯಲ್ಲಿ ಹದಕ್ಕೆ ತಂದಿರುತ್ತಾರೆ. ಟಾರ್ಚಿನ ಜ್ವಾಲೆ ಕ್ಷಣದಲ್ಲಿ ಅದನ್ನು ಮೀರುತ್ತದೆ, ಹಲ್ಲು ಮೆತ್ತಗಾಗುತ್ತದೆ. ತೊಳೆದ ಮೇಲೆ ಹಲ್ಲಿನ ತುದಿಯಲ್ಲಿ ಹುಲ್ಲಿನ ಹಳದಿ, ಕಂದು, ನೀಲಿ ಛಾಯೆ ಕಂಡರೆ ಆ ಗೇರನ್ನು ಗಾಡಿಗೆ ಹಾಕಬೇಡಿ.

ಶಾಕ್ ಅಬ್ಸಾರ್ಬರ್, ಮುಚ್ಚಿದ ಹೈಡ್ರಾಲಿಕ್ ಸಿಲಿಂಡರು, ಗಾಳಿ ಅಥವಾ ಎಣ್ಣೆ ತುಂಬಿ ಸೀಲು ಮಾಡಿದ ಯಾವುದನ್ನೂ ಬೆಂಕಿಗಾಗಲಿ ಕುದಿನೀರಿಗಾಗಲಿ ಒಡ್ಡಬೇಡಿ. ಒಳಗಿನ ಒತ್ತಡ ಏರಿ ಸಿಡಿಯುತ್ತವೆ. ಅವನ್ನು ಬಟ್ಟೆಯಲ್ಲೇ ಒರೆಸಬೇಕು.

ಹಂತ 3: ಬಿಸಿ ಇರುವಾಗಲೇ ಕೆರೆಯಿರಿ

ಬಿಸಿಲಿಂದ ತೆಗೆದು ಐದು ಹತ್ತು ನಿಮಿಷದೊಳಗೆ ಕೆರೆತ ಮುಗಿಯಬೇಕು, ತಣ್ಣಗಾದರೆ ಮತ್ತೆ ಗಟ್ಟಿ. ಬಿದಿರಿನ ದಬ್ಬೆಯ ತುದಿಯನ್ನು ಉಳಿಯ ಹಾಗೆ ಚೂಪು ಮಾಡಿಕೊಂಡರೆ ಹಲ್ಲಿನ ಬುಡ, ಸ್ಪ್ಲೈನಿನ (ಶಾಫ್ಟಿನ ಉದ್ದಕ್ಕೆ ಕೊರೆದ ಹಲ್ಲುಸಾಲು) ಸಂದಿಗಳಿಗೆ ಸರಿಯಾಗಿ ಕೂರುತ್ತದೆ. ಕಬ್ಬಿಣದ ಉಳಿ, ಸ್ಕ್ರೂಡ್ರೈವರ್, ತಂತಿ ಬ್ರಷ್ ಬೇಡ. ಸೀಲ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಅಲ್ಲಿಂದ ಎಣ್ಣೆ ಸೋರುತ್ತದೆ.

ಕೆರೆದದ್ದನ್ನು ಒಂದು ತಗಡಿನ ಡಬ್ಬಿಗೆ ಹಾಕುತ್ತ ಹೋಗಿ. ಇಲ್ಲಿ ತೆಗೆದ ಪ್ರತಿ ಹಿಡಿ ಗ್ರೀಸು ಮುಂದೆ ಸೀಮೆಎಣ್ಣೆ ಉಳಿಸುತ್ತದೆ. ಈ ಹಂತವನ್ನು ಹಾರಿಸುವವರೇ ಸೀಮೆಎಣ್ಣೆ ಸಾಲಲಿಲ್ಲ ಎಂದು ಗೊಣಗುವುದು. ಕೆರೆದ ಮೇಲೆ ಬನಿಯನ್ ವೇಸ್ಟಿನಲ್ಲಿ ಗಟ್ಟಿಯಾಗಿ ಒರೆಸಿ, ಲೋಹದ ಬಣ್ಣ ತೆಳುವಾದ ಕಂದು ಪೊರೆಯೊಳಗಿಂದ ಕಾಣಬೇಕು.

ಹಂತ 4: ಎರಡು ದಾರಿ

ದಪ್ಪ ಕಬ್ಬಿಣಕ್ಕೆ ಕುದಿನೀರು, ನಾಜೂಕಿನದಕ್ಕೆ ಸೀಮೆಎಣ್ಣೆ. ಒಂದೇ ಭಾಗಕ್ಕೆ ಎರಡನ್ನೂ ಮಾಡಬೇಕಾದರೆ ಕುದಿನೀರು ಮೊದಲು. ಸೀಮೆಎಣ್ಣೆಯಲ್ಲಿ ನೆನೆದ ಭಾಗ ಉರಿಯುವ ಒಲೆಯ ಹತ್ತಿರಕ್ಕೂ ಬರಬಾರದು.

*ಕುದಿನೀರಿನ ದಾರಿ (ಆಕ್ಸಲ್, ಹೌಸಿಂಗು, ಲೀಫ್ ಸ್ಪ್ರಿಂಗು, ಬ್ರಾಕೆಟ್ಟು):* ಅರ್ಧ ಡ್ರಮ್ಮಿಗೆ ಮುಕ್ಕಾಲು ನೀರು. ಹತ್ತು ಲೀಟರಿಗೆ ಕಾಲು ಕಿಲೋ ವಾಷಿಂಗ್ ಸೋಡಾ ಮೊದಲು ಹಾಕಿ ಕಲಕಿ, ಕಾಲು ಗಂಟೆ ಬಿಟ್ಟು ಒಂದು ಹಿಡಿ ಸೋಪಿನ ಪುಡಿ. ಈ ಅನುಕ್ರಮಕ್ಕೆ ಕಾರಣ ನಮ್ಮ ಬೋರ್ ನೀರು. ಗಡಸು ನೀರಿನ ಸುಣ್ಣದಂಶವನ್ನು ಸೋಡಾ ಕೆಳಗಿಳಿಸಿದ ಮೇಲಷ್ಟೇ ಸೋಪು ನೊರೆಯಾಗುವುದು. ಸೋಪನ್ನೇ ಮೊದಲು ಹಾಕಿದರೆ ಬಿಳಿ ಮೊಸರಿನಂಥ ಜಿಡ್ಡಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ, ಗ್ರೀಸಿಗಿಂತ ಅದನ್ನು ಬಿಡಿಸುವುದೇ ಕಷ್ಟ.

ಭಾಗವನ್ನು ದಪ್ಪ ಕಂಬಿಯಲ್ಲಿ ಕಟ್ಟಿ ನಿಧಾನವಾಗಿ ಇಳಿಸಿ, ಎಸೆಯಬೇಡಿ. ನೀರು ಕೊತಕೊತ ಕುದಿಯಬೇಕಿಲ್ಲ, ಹಬೆಯಾಡುತ್ತ ತಳದಿಂದ ಗುಳ್ಳೆ ಏಳುವಷ್ಟಿದ್ದರೆ ಸಾಕು. ಅರ್ಧ ಮುಕ್ಕಾಲು ಗಂಟೆಯಲ್ಲಿ ಗ್ರೀಸು ಕರಗಿ ಮೇಲೆ ತೇಲುತ್ತದೆ.

ಇಲ್ಲಿದೆ ಎಲ್ಲರೂ ಬೀಳುವ ಗುಂಡಿ. ಭಾಗವನ್ನು ಹಾಗೇ ಮೇಲೆತ್ತಿದರೆ ತೇಲುತ್ತಿರುವ ಗ್ರೀಸಿನ ಪದರವನ್ನು ಹಾದು ಬರುತ್ತದೆ, ಅಂದರೆ ಮತ್ತೆ ಮೈತುಂಬ ಗ್ರೀಸು ಬಳಿದುಕೊಂಡೇ ಬರುತ್ತದೆ. ‘ಎಷ್ಟು ಕುದಿಸಿದರೂ ಹೋಗಲಿಲ್ಲ’ ಎನ್ನುವವರ ಕಥೆ ಇದೇ. ಎತ್ತುವ ಮುನ್ನ ಬೆಂಕಿ ತಗ್ಗಿಸಿ, ಚಪ್ಪಟೆ ಸೌಟಿನಲ್ಲಿ ಕೆನೆ ತೆಗೆದಂತೆ ಪದರವನ್ನೆಲ್ಲ ತೆಗೆದು ಡಬ್ಬಿಗೆ ಹಾಕಿ. ಉಳಿದದ್ದನ್ನು ಹಳೆ ಗೋಣಿತುಂಡನ್ನು ನೀರ ಮೇಲೆ ಆಡಿಸಿ ಹೀರಿಸಿ. ನೀರಿನ ಮೈ ಚೊಕ್ಕಟವಾಗಿ ಕಂಡ ಮೇಲೆ ಎತ್ತಿ, ಎತ್ತುವಾಗ ಒಂದು ಚೊಂಬು ಶುದ್ಧ ಬಿಸಿನೀರನ್ನು ಮೇಲಿಂದ ಸುರಿಯಿರಿ.

ನೀರಿನಲ್ಲಿ ಪುಟ್ಟ ಗುಳ್ಳೆಗಳು ಭಾಗದ ಮೈಯಿಂದಲೇ ಎದ್ದು ಬರುತ್ತಿದ್ದರೆ, ಆ ಭಾಗ ಕಪ್ಪಗಾಗುತ್ತಿದ್ದರೆ ಅದು ಅಲ್ಯೂಮಿನಿಯಂ ಇಲ್ಲವೇ ಸತು. ತಕ್ಷಣ ತೆಗೆದು ತಣ್ಣೀರಲ್ಲಿ ಅದ್ದಿ. ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಈ ಗ್ರೀಸಿಗೆ ಅದರ ಅಗತ್ಯವಿಲ್ಲ, ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

*ಸೀಮೆಎಣ್ಣೆಯ ದಾರಿ (ಗೇರು, ಬೇರಿಂಗು, ವಾಲ್ವು, ಅಲ್ಯೂಮಿನಿಯಂ ಭಾಗಗಳು):* ಬಿಸಿಲಿಂದ ತಂದ ಭಾಗವನ್ನು ನೆರಳಲ್ಲಿಟ್ಟು ಕೈಗೆ ಬೆಚ್ಚಗೆ ಹತ್ತುವಷ್ಟಕ್ಕೆ ಇಳಿಯಲಿ. ಸೀಮೆಎಣ್ಣೆ, ಡೀಸೆಲ್‌ಗಳ ಫ್ಲ್ಯಾಶ್ ಪಾಯಿಂಟಿಗೆ ಭಾರತೀಯ ಮಾನಕ ಇಟ್ಟಿರುವ ಕನಿಷ್ಠ ಮಿತಿ 35 ಡಿಗ್ರಿ. ಅಂದರೆ ಆ ಶಾಖದಿಂದ ಮೇಲೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆ ಮಧ್ಯಾಹ್ನದ ಗಾಳಿಯೇ ಅಷ್ಟಿರುತ್ತದೆ. ಆದ್ದರಿಂದ ಸೀಮೆಎಣ್ಣೆ ಕೆಲಸ ಬೆಳಗ್ಗೆ ಇಲ್ಲವೇ ಇಳಿಹೊತ್ತು, ನೆರಳಲ್ಲಿ. ಬೀಡಿ, ವೆಲ್ಡಿಂಗು, ಗ್ರೈಂಡರು ಹತ್ತಿರ ಸುಳಿಯಬಾರದು.

ಎರಡು ತಟ್ಟೆ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಹಳೆಯ, ಹಿಂದೆ ಬಳಸಿದ ಸೀಮೆಎಣ್ಣೆ, ಎರಡನೆಯದರಲ್ಲಿ ಹೊಸದು. ಮೊದಲನೆಯದರಲ್ಲಿ ಅರ್ಧ ಗಂಟೆ ನೆನೆಸಿ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ, ಕ್ರೇಟಿಗೆ ಎತ್ತಿ ಸೋರಲು ಬಿಡಿ, ಆಮೇಲೆ ಎರಡನೆಯದರಲ್ಲಿ ಅದ್ದಿ ತೊಳೆಯಿರಿ. ಒಂದೇ ತಟ್ಟೆಯಲ್ಲಿ ಎಲ್ಲವನ್ನೂ ಮುಗಿಸಿದರೆ ಕರಗಿದ ಮೇಣವೇ ಒಣಗಿ ತೆಳು ಪೊರೆಯಾಗಿ ಮತ್ತೆ ಕೂರುತ್ತದೆ. ಗೇರನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಲ್ಲಿನ ಬುಡ ನೋಡಿ. ಮಂಕಾದ ಜೇನು ಬಣ್ಣದ ಗೆರೆ ಕಂಡರೆ ಆಗಿಲ್ಲ ಎಂದೇ ಅರ್ಥ, ಬೂದು ಉಕ್ಕು ಕಾಣುವವರೆಗೆ ಟೂತ್‌ಬ್ರಷ್ ಬಿಡಬೇಡಿ.

ಹಂತ 5: ತೂತು, ನಾಳ

ಹೊರಗೆಲ್ಲ ಫಳಫಳ, ಒಳಗೆ ಮೇಣದ ಬಿರಡೆ. ಎಂಜಿನ್ ಹಾಳಾಗುವುದು ಹೀಗೆ. ಕ್ರ್ಯಾಂಕ್‌ಶಾಫ್ಟಿನ ಎಣ್ಣೆ ತೂತು, ರಾಕರ್ ಶಾಫ್ಟು, ಬ್ಲಾಕಿನ ಎಣ್ಣೆ ನಾಳಗಳಲ್ಲಿ ಗ್ರೀಸು ಉಳಿದರೆ ಎಂಜಿನ್ ಬಿಸಿಯಾದಾಗ ಕರಗಿ ಬೇರೆಲ್ಲೋ ಹೋಗಿ ಕೂರುತ್ತದೆ, ಇಲ್ಲವೇ ಅಲ್ಲೇ ನಿಂತು ಬೇರಿಂಗಿಗೆ ಎಣ್ಣೆ ತಪ್ಪಿಸುತ್ತದೆ.

ನಾಳದ ಕೊನೆಯ ಪ್ಲಗ್ಗುಗಳನ್ನು ಬಿಚ್ಚಲೇಬೇಕು. ಬಿಚ್ಚದೆ ಒಂದು ಕಡೆಯಿಂದ ಒತ್ತಿದರೆ ಕೊಳೆ ಪ್ಲಗ್ಗಿನ ಹಿಂದೆ ಸೇರುತ್ತದೆ. ತಾಮ್ರದ ತಂತಿಯ ತುದಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಹಿಂದೆ ಮುಂದೆ ಎಳೆಯಿರಿ, ಆಮೇಲೆ ದೊಡ್ಡ ಸಿರಿಂಜಿನಲ್ಲಿ ಸೀಮೆಎಣ್ಣೆ ಹಾಯಿಸಿ. ಆಚೆ ತೂತಿನಿಂದ ಬರುವುದು ತಿಳಿಯಾಗುವವರೆಗೆ ಹಾಯಿಸುತ್ತಿರಿ. ಉಕ್ಕಿನ ತಂತಿ ಬೇಡ, ತೂತಿನ ಬಾಯಿ ಗೀರುತ್ತದೆ.

ಗಾಳಿ ಹೊಡೆಸಲು ಪಂಕ್ಚರ್ ಅಂಗಡಿಗೆ ಹೋದರೆ ಮೊದಲು ಗಾಳಿ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ನೀರು ಬಿಡಿಸಿ ಅಂತ ಹೇಳಿ. ಆ ನೀರು ನಿಮ್ಮ ನಾಳದೊಳಗೆ ಹೋದರೆ ಒಳಗಿಂದಲೇ ತುಕ್ಕು. ಗಾಳಿಯ ತುದಿಗೆ ಅಂಗೈ ಅಡ್ಡ ಹಿಡಿಯಬೇಡಿ.

ಹಂತ 6: ಬಿರುಕು ನೋಡಲು ಇದೇ ಸಮಯ

ಗ್ರೀಸಿನ ಅಡಿಯಲ್ಲಿ ಭಾಗ ಹೊಸದೆಂದೇ ನಂಬಬೇಡಿ. ಬಿಚ್ಚಿ ಬಳಸಿದ್ದಕ್ಕೆ ಮತ್ತೆ ಗ್ರೀಸು ಬಳಿದು ಹೊಸ ಸ್ಟಾಕೆಂದು ಮಾರುವುದುಂಟು. ಸೀಮೆಎಣ್ಣೆಯಿಂದ ತೆಗೆದ ಭಾಗವನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಬೋರ್ಡಿನ ಚಾಕ್‌ಪೀಸಿನ ಪುಡಿಯನ್ನು ತೆಳುವಾಗಿ ಉದುರಿಸಿ ಅರ್ಧ ಗಂಟೆ ಬಿಡಿ. ಬಿರುಕಿದ್ದರೆ ಅದರೊಳಗೆ ಉಳಿದ ಸೀಮೆಎಣ್ಣೆ ಮೇಲೆದ್ದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಸ್ಟಿಯರಿಂಗ್ ಆರ್ಮು, ಸ್ಟಬ್ ಆಕ್ಸಲ್, ಕನೆಕ್ಟಿಂಗ್ ರಾಡು ಇವಕ್ಕೆ ಈ ಪರೀಕ್ಷೆ ಬಿಡಲೇಬಾರದು. ಗೆರೆ ಕಂಡರೆ ವೆಲ್ಡಿಂಗಿನ ಮಾತೇ ಬೇಡ, ಗುಜರಿಗೆ ಕೊಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ ಸರಿಯೇ. ಬಿರುಕಿಲ್ಲದಿದ್ದರೆ ಪುಡಿಯನ್ನು ಪೂರ್ತಿ ಒರೆಸಿ ಮುಂದಿನ ಹಂತಕ್ಕೆ ಹೋಗಿ.

ಹಂತ 7: ಸೋಪು ನೀರು, ಬಿಸಿ ಬಿಸಿ

ಸೀಮೆಎಣ್ಣೆ ಗ್ರೀಸನ್ನು ಕರಗಿಸುತ್ತದೆ, ಆದರೆ ಕಣದಷ್ಟಿರುವ ದೂಳು, ಉಜ್ಜಿದ ಪುಡಿ ಅದರಿಂದ ಬಿಡುವುದಿಲ್ಲ. ಹೊಸ ಸಿಲಿಂಡರ್ ಲೈನರಿನಲ್ಲಿ ಇದು ಮುಖ್ಯ. ಲೈನರಿನ ಒಳಮೈಗೆ ಹೋನಿಂಗ್ (ಸಾಣೆಕಲ್ಲಿನಿಂದ ಉಜ್ಜುವುದು) ಮಾಡಿದಾಗ ಉಳಿದ ಕಲ್ಲಿನ ಪುಡಿ ಸಣ್ಣ ಗೀರುಗಳಲ್ಲಿ ಕೂತಿರುತ್ತದೆ, ಮೇಲೆ ಗ್ರೀಸಿರುತ್ತದೆ. ಬರಿ ಸೀಮೆಎಣ್ಣೆಯಲ್ಲಿ ಒರೆಸಿ ಕೂರಿಸಿದ ಲೈನರು ರಿಂಗುಗಳನ್ನು ಬೇಗ ತಿಂದುಹಾಕುತ್ತದೆ. ಬಿಸಿ ಸೋಪು ನೀರು, ನೈಲಾನ್ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ಬಿಳಿ ಬಟ್ಟೆಗೆ ಹೊಸ ಎಂಜಿನ್ ಆಯಿಲ್ ತಾಗಿಸಿ ಒಳಗೆ ಒರೆಸಿ ನೋಡಿ. ಬಟ್ಟೆ ಬೂದಾದರೆ ಮತ್ತೆ ಸೋಪು. ಬಟ್ಟೆ ಬಿಳಿಯಾಗೇ ಬರುವವರೆಗೆ.

ಅಲ್ಯೂಮಿನಿಯಮ್ಮಿಗೆ ಸೋಡಾ ಇಲ್ಲದೆ ಬರಿ ಸೋಪಿನ ಪುಡಿ. ಕೊನೆಯ ಜಾಲಿಸುವ ನೀರು ಬೋರಿನದಾಗಬಾರದು, ಒಣಗಿದ ಮೇಲೆ ಬಿಳಿ ಕಲೆ ಉಳಿದು ಅದರಡಿ ತುಕ್ಕು ಶುರುವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನು ಅಥವಾ ಹಿಡಿದಿಟ್ಟ ಮಳೆನೀರು ಸಾಕು, ಹಂಡೆಯಲ್ಲಿ ಕಾಯಿಸಿ ಸುಡುವಷ್ಟು ಬಿಸಿ ಇರುವಾಗಲೇ ಸುರಿಯಿರಿ. ಭಾಗವೇ ಬಿಸಿಯೇರಿದರೆ ನೀರು ತಾನಾಗಿ ಆರುತ್ತದೆ, ತಣ್ಣೀರಿನಲ್ಲಿ ಜಾಲಿಸಿದ್ದು ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ.

ಜಿಡ್ಡು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಜಾಲಿಸುವಾಗಲೇ ಕಣ್ಣಿಡಿ. ನೀರು ಒಂದೇ ಹಾಳೆಯಂತೆ ಹರಡಿ ಇಳಿದರೆ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿ ಹನಿಯಾಗಿ ಒಡೆದರೆ ಆ ಜಾಗದಲ್ಲಿ ಇನ್ನೂ ಜಿಡ್ಡಿದೆ. ಬಣ್ಣ ಹೊಡೆಯುವ ಭಾಗಕ್ಕೆ ಈ ಪರೀಕ್ಷೆ ಪಾಸಾಗಲೇಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಬಣ್ಣ ಚಕ್ಕೆ ಏಳುತ್ತದೆ.

ಹಂತ 8: ಒಣಗಿಸಿ, ಕೂಡಲೇ ಎಣ್ಣೆ

ಶುದ್ಧವಾದ ಬರಿ ಉಕ್ಕು ಅರ್ಧ ಗಂಟೆಯಲ್ಲೇ ಚಹಾದ ಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಸೋಪಿನ ಹಂತಕ್ಕೆ ಬರುವ ಮುನ್ನವೇ ಎಣ್ಣೆ, ಬಟ್ಟೆ, ಸುತ್ತುವ ಕಾಗದ ಕೈಗೆಟಕುವಂತಿರಲಿ. ಒಂದು ಬಾರಿಗೆ ಕೈಯಲ್ಲಿ ಹಿಡಿಯುವಷ್ಟು ಭಾಗಗಳನ್ನಷ್ಟೇ ತೊಳೆಯಿರಿ. ಹತ್ತು ಭಾಗ ಒಟ್ಟಿಗೆ ತೊಳೆದರೆ ಹತ್ತನೆಯದಕ್ಕೆ ಎಣ್ಣೆ ಹಚ್ಚುವ ಹೊತ್ತಿಗೆ ಮೊದಲನೆಯದು ಕೆಂಪಾಗಿರುತ್ತದೆ.

ಭಾಗ ಇನ್ನೂ ಬೆಚ್ಚಗಿರುವಾಗ ಗಾಳಿ ಹೊಡೆದು ಮೂಲೆಗಳ ನೀರು ಓಡಿಸಿ, ಹತ್ತು ನಿಮಿಷ ಬಿಸಿಲಲ್ಲಿಟ್ಟು, ಹೊಸ ಎಂಜಿನ್ ಆಯಿಲನ್ನು ಬಟ್ಟೆಯಲ್ಲಿ ತೆಳುವಾಗಿ ಬಳಿಯಿರಿ. ಹಚ್ಚಿದ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಅಡಿಯಲ್ಲಿ ನೀರಿದೆ, ಒರೆಸಿ ಮತ್ತೆ ಒಣಗಿಸಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುವುದರಿಂದ ಇಲ್ಲಿಂದ ಮುಂದೆ ಬರಿಗೈ ಬೇಡ.

ಅದೇ ವಾರ ಜೋಡಿಸುವುದಾದರೆ ಇಷ್ಟು ಸಾಕು. ತಿಂಗಳುಗಟ್ಟಲೆ ಇಡುವುದಾದರೆ ರಸ್ಟ್ ಪ್ರಿವೆಂಟಿವ್ ಆಯಿಲ್ ಅಥವಾ ಪೆಟ್ರೋಲಿಯಂ ಜೆಲ್ಲಿ ಬಳಿದು ಬಟರ್ ಪೇಪರಿನಲ್ಲಿ ಸುತ್ತಿ. ನ್ಯೂಸ್ ಪೇಪರ್, ಗೋಣಿ ಎರಡೂ ತೇವ ಹೀರಿ ಲೋಹಕ್ಕೆ ಒತ್ತಿ ಹಿಡಿಯುತ್ತವೆ.

ಇವಕ್ಕೆ ಬೇರೆಯೇ ಲೆಕ್ಕ

ಬೇರಿಂಗು. ಪ್ಯಾಕೆಟ್ಟು ಹರಿಯದೆ ಇದ್ದು ಎಣ್ಣೆ ಮೆತ್ತಗೇ ಇದ್ದರೆ ತೊಳೆಯಬೇಡಿ, ಹೊರಗೆ ಒರೆಸಿ ಹಾಕಿ. ಮೇಣ ಗಟ್ಟಿಯಾಗಿದ್ದರಷ್ಟೇ ಸೀಮೆಎಣ್ಣೆ. ಎರಡು ಬದಿ ಮುಚ್ಚಿದ ಝಡ್‌ಝಡ್, 2ಆರ್‌ಎಸ್ ಬೇರಿಂಗನ್ನು ಯಾವುದರಲ್ಲೂ ಅದ್ದಬೇಡಿ, ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಅದು ಮೇಣಗಟ್ಟಿದ್ದರೆ ಹೊಸದೇ ತನ್ನಿ. ತೊಳೆದದ್ದನ್ನು ಗಾಳಿ ಹೊಡೆದು ಗಿರಗಿರನೆ ತಿರುಗಿಸುವ ಚಟ ಹುಡುಗರಿಗೆ ಬಹಳ, ಎಣ್ಣೆಯಿಲ್ಲದೆ ತಿರುಗಿದ ಗುಂಡುಗಳು ಆಗಲೇ ಗೀರಿಕೊಳ್ಳುತ್ತವೆ, ಬೇರಿಂಗ್ ಸಿಡಿದರೆ ಕಣ್ಣಿಗೇ ಬರುತ್ತದೆ.

ಕಂಚಿನ ಬುಷ್ಷು. ಎಣ್ಣೆ ಹೀರಿಸಿದ ರಂಧ್ರಮಯ ಬುಷ್ಷನ್ನು ಸೀಮೆಎಣ್ಣೆಗೆ ಹಾಕಿದರೆ ಒಳಗಿನ ಎಣ್ಣೆ ಖಾಲಿ. ತೊಳೆಯಲೇಬೇಕಾಗಿ ಬಂದರೆ ಆಮೇಲೆ ಒಂದು ರಾತ್ರಿ ಬೆಚ್ಚಗಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿ.

ಬ್ರೇಕು, ಕ್ಲಚ್ಚು. ಬ್ರೇಕ್ ಡ್ರಮ್ಮು, ಪ್ರೆಷರ್ ಪ್ಲೇಟು, ಫ್ಲೈವೀಲಿಗೆ ಸೀಮೆಎಣ್ಣೆ ಬಿಟ್ಟು ಹೋಗುವ ತೆಳು ಪೊರೆಯೂ ಕೂಡದು. ಸೋಪಿನ ಹಂತದ ಮೇಲೆ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಒರೆಸಿ, ಎಣ್ಣೆ ಹಚ್ಚದೆ ಅದೇ ದಿನ ಜೋಡಿಸಿ. ಗ್ರೀಸು ಕುಡಿದ ಲೈನಿಂಗು, ಕ್ಲಚ್ ಪ್ಲೇಟು ಯಾವ ಉಪಾಯದಿಂದಲೂ ಸರಿಹೋಗುವುದಿಲ್ಲ, ಬಿಸಿಯಾದಾಗ ಒಳಗಿಂದ ಮತ್ತೆ ಒಸರುತ್ತದೆ. ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರಿನ ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಯಾವುದೂ ತಾಗಬಾರದು. ರಬ್ಬರ್ ಉಬ್ಬಿ ಬ್ರೇಕು ಹಿಡಿದುಕೊಂಡೇ ಇರುತ್ತದೆ. ಅಲ್ಲಿಗೆ ಸ್ಪಿರಿಟ್ಟು ಇಲ್ಲವೇ ಹೊಸ ಬ್ರೇಕ್ ಫ್ಲೂಯಿಡ್ ಮಾತ್ರ.

ಇನ್ನು ಬ್ರೇಕ್ ಕ್ಲೀನರ್ ಸ್ಪ್ರೇ. ಡಬ್ಬಿಯ ಮೇಲೆ ಕ್ಲೋರಿನ್ ಇರುವ ದ್ರಾವಕದ ಹೆಸರಿದ್ದರೆ ಆ ಭಾಗವನ್ನು ವೆಲ್ಡಿಂಗಿಗೆ ಕೊಡಬೇಡಿ. ಜ್ವಾಲೆಗೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಡೀಸೆಲ್ ನಾಝಲ್, ಪಂಪಿನ ಎಲಿಮೆಂಟು. ಟ್ರ್ಯಾಕ್ಟರಿನವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಪ್ಲಂಜರು (ಡೀಸೆಲ್ ಒತ್ತುವ ಸಣ್ಣ ದಂಡ) ಮತ್ತು ಬ್ಯಾರಲ್ಲು (ಅದು ಜಾರುವ ಕೊಳವೆ) ಜೋಡಿಯಾಗಿ ಉಜ್ಜಿ ಕೂರಿಸಿದವು, ನಡುವಿನ ಸಂದು ಕೆಲವೇ ಮೈಕ್ರಾನ್. ಒಂದರ ಪ್ಲಂಜರು ಇನ್ನೊಂದರ ಬ್ಯಾರಲ್ಲಿಗೆ ಹೋದರೆ ಎರಡೂ ಕೆಟ್ಟವು. ಒಂದು ಜೋಡಿಗೆ ಒಂದು ಬಟ್ಟಲಿನಂತೆ ಬೇರೆ ಬೇರೆ ಇಟ್ಟು, ಸೋಸಿದ ಡೀಸೆಲ್‌ನಲ್ಲಿ ಮಾತ್ರ ಅದ್ದಿ ಬಿಡಿಸಿ. ಒತ್ತಾಯದಿಂದ ಎಳೆಯಬೇಡಿ, ಮೇಣ ಕರಗಿದರೆ ತನ್ನ ತೂಕಕ್ಕೇ ಜಾರುತ್ತದೆ. ಬನಿಯನ್ ವೇಸ್ಟಿನ ನೂಲೆಳೆ ಅಂಟುವುದರಿಂದ ಬಟ್ಟೆ ತಾಗಿಸದೆ ಒದ್ದೆಯಾಗೇ ಜೋಡಿಸಬೇಕು.

ಉಳಿದ ಕೊಳೆ

ಬಳಸಿದ ಸೀಮೆಎಣ್ಣೆಯನ್ನು ಮುಚ್ಚಳದ ಕ್ಯಾನಿನಲ್ಲಿ ಅಲುಗಾಡಿಸದೆ ಎರಡು ಮೂರು ದಿನ ಬಿಟ್ಟರೆ ಮಣ್ಣು, ಪುಡಿ ತಳಕ್ಕಿಳಿಯುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡರೆ ಮುಂದಿನ ಸಲದ ಮೊದಲನೆ ತಟ್ಟೆಗೆ ಆಯಿತು. ಕ್ಯಾನಿನ ಮೇಲೆ ದೊಡ್ಡದಾಗಿ ‘ಸೀಮೆಎಣ್ಣೆ – ಕೊಳೆ’ ಎಂದು ಬರೆಯಿರಿ.

ಕೆರೆದ ಗ್ರೀಸು, ತಳದ ಕೆಸರು, ಎಣ್ಣೆ ಬಟ್ಟೆ ಇವನ್ನು ರಾಜಕಾಲುವೆಗೆ, ಕೆರೆಯಂಗಳಕ್ಕೆ, ಒಣಗಿದ ಬೋರಿನ ಬಾಯಿಗೆ ಸುರಿಯಬೇಡಿ. ಒಣ ಬೋರಿಗೆ ಹಾಕಿದ್ದು ಪಕ್ಕದ ತೋಟದ ಬೋರಿಗೂ ಸೇರಬಹುದು. ಉಪಯೋಗಿಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ, ಪರವಾನಗಿ ಇರುವ ಮರುಬಳಕೆದಾರರಿಗೇ ಹೋಗಬೇಕು. ದೊಡ್ಡ ಸರ್ವಿಸ್ ಸ್ಟೇಷನ್ನುಗಳು ಹಳೆ ಆಯಿಲ್ಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಂಥವರಿಗೆ ಕೊಡುತ್ತವೆ, ಕೇಳಿಕೊಂಡರೆ ನಿಮ್ಮ ಡಬ್ಬಿಯನ್ನೂ ಸೇರಿಸಿಕೊಳ್ಳಬಹುದು. ಸೋಪು, ನೀರು ಬೆರೆತದ್ದನ್ನು ಅದರಲ್ಲಿ ಕಲಸಬೇಡಿ, ಯಾರೂ ತೆಗೆದುಕೊಳ್ಳುವುದಿಲ್ಲ.

ಡ್ರಮ್ಮಿನ ಸೋಡಾ ನೀರು ತಣ್ಣಗಾದ ಮೇಲೆ ಮತ್ತೊಮ್ಮೆ ಮೇಲಿನ ಜಿಡ್ಡು ತೆಗೆದು ಅದನ್ನೇ ಮುಂದಿನ ಭಾಗಗಳಿಗೆ ಕಾಯಿಸಿಕೊಳ್ಳಿ. ಹೊಲಕ್ಕೆ ಬಿಟ್ಟರೆ ಅದರ ಸೋಡಿಯಂ ಮಣ್ಣನ್ನು ಚೌಳು ಮಾಡುತ್ತದೆ. ಇನ್ನು ಬೇಡ ಅನ್ನಿಸಿದಾಗ ಅದೇ ಅರ್ಧ ಡ್ರಮ್ಮಿನಲ್ಲಿ ಬಿಸಿಲಿಗೆ ಬಿಟ್ಟು ಆರಿಸಿ, ಮೇಲೆ ಜಾಲರಿ ಮುಚ್ಚಿ, ನಾಯಿ ಕೋಳಿ ಬಾಯಿ ಹಾಕದಂತೆ. ತಳದಲ್ಲಿ ಉಳಿದ ಹೆಪ್ಪನ್ನು ಕೆರೆದು ಗ್ರೀಸಿನ ಡಬ್ಬಿಯ ಜೊತೆ ಬೇರೆ ಚೀಲದಲ್ಲಿ ಕಟ್ಟಿಡಿ.